ಸತ್ಯಾಂಶ: ಕೆಮ್ಮು ಹೋಗದಿದ್ದರೆ ಮಾತ್ರೆ ನಿಲ್ಲಿಸಬೇಕೇ?

ನಮ್ಮ ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಪಲ್ಮನರಿ ಫೈಬ್ರೋಸಿಸ್ ಮಾತ್ರೆ ಮೂರು ತಿಂಗಳು ತಿಂದರೂ ಕೆಮ್ಮು ಹೋಗದಿದ್ದರೆ ನಿಲ್ಲಿಸಿ. ಲಿವರ್ ಹಾಳಾಗುತ್ತದೆ. ಆಡುಸೋಗೆ ಕಷಾಯ ಸಾಕು.’

ದಯವಿಟ್ಟು ಇದನ್ನು ನಂಬಬೇಡಿ. ಈ ರೋಗದಲ್ಲಿ ಶ್ವಾಸಕೋಶ ಕಲೆಗಟ್ಟಿ ಗಡುಸಾಗುತ್ತಾ ಹೋಗುತ್ತದೆ. ಪಿರ್ಫೆನಿಡೋನ್, ನಿಂಟೆಡಾನಿಬ್ ಮಾತ್ರೆಗಳು ಆ ವೇಗವನ್ನು ತಗ್ಗಿಸುತ್ತವೆ, ಆಗಿಹೋದ ಕಲೆಯನ್ನು ಅಳಿಸುವುದಿಲ್ಲ. ಕೆಮ್ಮು ಉಳಿದಿದ್ದರೂ ಮಾತ್ರೆ ಕೆಲಸ ಮಾಡುತ್ತಿರಬಹುದು. ಅದನ್ನು ಅಳೆಯುವುದು ಊದುವ ಪರೀಕ್ಷೆಯಿಂದ, ಅಂದರೆ ಸ್ಪೈರೋಮೆಟ್ರಿಯಿಂದ. ಕಷಾಯದಿಂದ ಕಲೆ ಕರಗುತ್ತದೆ ಎನ್ನಲು ಆಧಾರವಿಲ್ಲ.

ಲಿವರ್ ಮಾತಿನಲ್ಲಿ ಸ್ವಲ್ಪ ನಿಜವಿದೆ. ಅದಕ್ಕೇ ಅಲ್ವಾ ಮೊದಲ ಕೆಲವು ತಿಂಗಳು ಪ್ರತಿ ತಿಂಗಳೂ, ಆಮೇಲೆ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುವುದು? ಏರುಪೇರಾದರೆ ಡಾಕ್ಟರೇ ಡೋಸ್ ಇಳಿಸುತ್ತಾರೆ, ಬೇಕಾದರೆ ನಿಲ್ಲಿಸುತ್ತಾರೆ. ವಾಂತಿ, ಭೇದಿ ಜಾಸ್ತಿಯಾದರೂ ಅವರಿಗೇ ಹೇಳಿ. ಈ ಎರಡರಲ್ಲಿ ಯಾವ ಮಾತ್ರೆಯಾದರೂ ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆಗೆ ಹಿತ.

ಪಿರ್ಫೆನಿಡೋನ್ ತಿನ್ನುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಅಂಗಳದಲ್ಲಿ ಅಡಿಕೆ ಒಣಗಿಸುವ, ಮಗುಚುವ ಕೆಲಸವನ್ನು ಮನೆಯ ಬೇರೆಯವರು ಮಾಡಲಿ. ಬೀಡಿ ಸೇದಿದರೆ ಈ ಮಾತ್ರೆಯ ಅಂಶ ರಕ್ತದಲ್ಲಿ ಕಡಿಮೆಯಾಗುತ್ತದೆ.