ಊದಿಸೋದು ಶನಿವಾರ ರಾತ್ರಿ ಮಾತ್ರ ಯಾಕೆ?

ಬೆಂಗಳೂರಿಗೆ ಬಂದಾಗಲೆಲ್ಲ ಗೆಳೆಯರು ಹೇಳೋದು ಒಂದೇ ಮಾತು: "ನಿಮ್ಮ ಸಿಡ್ನಿಯಲ್ಲಿ ಬಿಡಪ್ಪ, ಕಾನೂನು ಸ್ಟ್ರಿಕ್ಟು." ಕುಡಿದು ಗಾಡಿ ಓಡಿಸುವ ವಿಷಯದಲ್ಲಿ ಈ ಮಾತು ಅರ್ಧ ಸುಳ್ಳು. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಅಪರಾಧ. ಸಿಡ್ನಿಯಲ್ಲಿ ಪೂರ್ತಿ ಲೈಸೆನ್ಸ್ ಇರುವವರಿಗೆ ಮಿತಿ 50, ಇಂಗ್ಲೆಂಡಿನಲ್ಲಂತೂ 80. 2019ರ ತಿದ್ದುಪಡಿ ಬಂದ ಮೇಲೆ ಮೊದಲ ಸಲ ಸಿಕ್ಕಿಬಿದ್ದವನಿಗೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಕಾಗದದ ಮೇಲೆ ನಾವೇನೂ ಕಡಿಮೆಯಿಲ್ಲ.

ಆದರೆ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1982ರ ಡಿಸೆಂಬರ್‌ನಿಂದಲೂ ಪೊಲೀಸರು ಯಾವ ಅನುಮಾನವೂ ಇಲ್ಲದೆ ಯಾವ ಚಾಲಕನನ್ನಾದರೂ ನಿಲ್ಲಿಸಿ ಪರೀಕ್ಷೆ ಮಾಡಬಹುದು. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡಲು ಹೊರಟಿದ್ದ ನನ್ನನ್ನೂ ನಿಲ್ಲಿಸಿದ್ದಾರೆ. ಕಿಟಕಿ ಇಳಿಸಿದೆ, ಬಾಯಿಯ ಹತ್ತಿರ ಪುಟ್ಟ ಯಂತ್ರ ಹಿಡಿದು "ಒಂದರಿಂದ ಹತ್ತು ಎಣಿಸಿ" ಅಂದರು. ಎಣಿಸಿದೆ, ಹೋಗಿ ಅಂದರು, ಅಷ್ಟೇ. ರಾತ್ರಿ ಕುಡಿದದ್ದು ಬೆಳಿಗ್ಗೆಯೂ ರಕ್ತದಲ್ಲಿ ಉಳಿದಿರಬಹುದಲ್ಲ! ಮಿತಿ ದಾಟಿದ್ದರೆ ಮೊದಲ ಸಲವಾದರೂ ಲೈಸೆನ್ಸ್ ಅಲ್ಲೇ ಮೂರು ತಿಂಗಳು ಅಮಾನತು. ಅದಕ್ಕೇ ಅಲ್ಲಿ ಪಾರ್ಟಿಗೆ ಹೊರಡುವ ಮೊದಲೇ "ಇವತ್ತು ಡ್ರೈವಿಂಗ್ ಯಾರದ್ದು?" ಅನ್ನೋದು ಇತ್ಯರ್ಥವಾಗಿರುತ್ತದೆ. ನಮ್ಮ ಕನ್ನಡದ ಬಳಗದಲ್ಲಿ ಅದು ಹೆಚ್ಚಾಗಿ ಹೆಂಡತಿಯರ ಪಾಲಿಗೇ ಬೀಳುತ್ತದೆ, ಆ ಜಗಳ ಬೇರೆ.

ಇಲ್ಲಿ ಅದೇ ಮೋಟಾರು ವಾಹನ ಕಾಯ್ದೆಯ 203ನೇ ಸೆಕ್ಷನ್ ಪ್ರಕಾರ ಚಾಲಕನಿಂದ ಉಸಿರಿನ ಪರೀಕ್ಷೆಯ ಯಂತ್ರಕ್ಕೆ ಊದಿಸಬೇಕಾದರೆ ಈತ ಕುಡಿದಿದ್ದಾನೆ ಅನ್ನಲು ಪೊಲೀಸರಿಗೆ ಒಂದು ಕಾರಣ ಇರಬೇಕು. ಜೊತೆಗೆ ಬ್ಯಾರಿಕೇಡ್ ಎಲ್ಲಿ, ಯಾವಾಗ ಬೀಳುತ್ತದೆ ಅನ್ನೋದು ಕುಡಿಯುವವರಿಗೆಲ್ಲ ಬಾಯಿಪಾಠ. ವೀಕೆಂಡ್ ರಾತ್ರಿ ವಾಟ್ಸಾಪ್ ನೋಡಿ: "ಇಂದಿರಾನಗರ ಹಂಡ್ರೆಡ್ ಫೀಟ್ ರೋಡಲ್ಲಿ ಚೆಕಿಂಗ್ ಇದೆ ಮಗಾ, ಒಳಗಡೆಯಿಂದ ಬಾ." ಮೂರು ಪೆಗ್ ಹಾಕಿದವನು ಆ ಗಲ್ಲಿಗಳಲ್ಲಿ ಸ್ಕೂಟರ್ ನುಗ್ಗಿಸುತ್ತಾನೆ. "ನಾನು ಸ್ಟೆಡಿಯಾಗೇ ಇದೀನಿ" ಅಂತ ಬೇರೆ.

ಇನ್ನು ಬಾರ್‌ಗಳಿಗೆ ರಾತ್ರಿ ಒಂದರವರೆಗೆ ಅವಕಾಶ ಕೊಟ್ಟು ಮೆಟ್ರೊವನ್ನು ಅದಕ್ಕೆ ಮುಂಚೆಯೇ ನಿಲ್ಲಿಸುವುದು ಯಾವ ಲೆಕ್ಕವೋ. ಆ ಹೊತ್ತಲ್ಲಿ ಆಟೊದವರು ಡಬಲ್ ಮೀಟರ್ ಕೇಳುತ್ತಾರೆ, ಕ್ಯಾಬ್ ಕ್ಯಾನ್ಸಲ್ ಆಗುತ್ತದೆ. ಕುಡಿದು ಓಡಿಸುವವನಿಗೆ ಇದು ನೆಪವಾಗಬಾರದು, ನಿಜ. ಆದರೆ ಹೊಸ ವರ್ಷದ ರಾತ್ರಿ ತಡವಾಗಿ ರೈಲು ಓಡಿಸಬಹುದಾದರೆ ಪ್ರತಿ ಶನಿವಾರ ಯಾಕಾಗದು?

ದಂಡ ಇಪ್ಪತ್ತು ಸಾವಿರ ಮಾಡಿ ಅನ್ನುವವರಿದ್ದಾರೆ. ಸಿಕ್ಕಿಬೀಳಲ್ಲ ಅನ್ನುವ ಧೈರ್ಯ ಇರುವವನಿಗೆ ಅದು ಲಕ್ಷವಾದರೂ ಅಷ್ಟೇ. ಅದರ ಬದಲು 203ನೇ ಸೆಕ್ಷನ್‌ನಲ್ಲಿರುವ ಆ ಅನುಮಾನದ ಷರತ್ತು ತೆಗೆದು, ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್‌ನಲ್ಲಿ ಊದಿಸಲಿ. ಟ್ರಾಫಿಕ್ ಜಾಮ್ ಆಗುತ್ತೆ ಅಂತೀರಾ? ಅಲ್ಲಿ ಹೇಗೂ ನಿಂತೇ ಇರ್ತೀವಲ್ಲ.