ಕರಿ ಕಾರ್ಡಿನ ಮೇಲೆ ಬೇಡದ ಬಿಳಿ ಚುಕ್ಕೆ

ಕರಿ ಕಾರ್ಡಿನ ಮೇಲೆ ಬಿಳಿ ಎಂಬಾಸಿಂಗ್ ಪುಡಿ (ಸ್ಟ್ಯಾಂಪ್ ಒತ್ತಿದ ಹಸಿ ಶಾಯಿಗೆ ಅಂಟಿ, ಬಿಸಿ ತಾಗಿದರೆ ಕರಗಿ ಉಬ್ಬಿ ನಿಲ್ಲುವ ಪುಡಿ) ಉದುರಿಸಿದವರಿಗೆಲ್ಲ ಈ ಗೋಳು ಗೊತ್ತು. ಸ್ಟ್ಯಾಂಪ್ ಅಚ್ಚುಕಟ್ಟಾಗಿ ಮೂಡಿರುತ್ತದೆ, ಹೆಚ್ಚಿನ ಪುಡಿ ಕೊಡವಿಯೂ ಆಗಿರುತ್ತದೆ, ಆದರೂ ಬೇಡದ ಜಾಗದಲ್ಲೆಲ್ಲ ಹತ್ತಾರು ಕಣಗಳು ಹಲ್ಲು ಕಿರಿಯುತ್ತ ಕೂತಿರುತ್ತವೆ. ಪುಡಿ ಕರಗಿಸಲು ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿದಿರೋ, ಮುಗೀತು. ಕರಗಿದ ಕಣ ಕಾರ್ಡ್ ಬಿಡುವುದಿಲ್ಲ, ಕೆರೆದರೆ ಕಾಗದವೇ ಎದ್ದು ಬರುತ್ತದೆ.

‘ಆಂಟಿ-ಸ್ಟ್ಯಾಟಿಕ್ ಚೀಲದಿಂದ ಒರೆಸಿ, ಅಷ್ಟೇ’ ಅನ್ನುತ್ತಾರೆ; ಅಂದರೆ, ಕಣಗಳು ಕಾರ್ಡಿಗೆ ಸುಮ್ಮನೆ ಅಂಟದ ಹಾಗೆ ತಡೆಯುವ ನುಣ್ಣನೆ ಪುಡಿ ತುಂಬಿದ ಪುಟ್ಟ ಬಟ್ಟೆ ಚೀಲ. ಅಷ್ಟೇ ಅಲ್ಲ ಸ್ವಾಮಿ! ಒರೆಸಬೇಕಾದ್ದು ಸ್ಟ್ಯಾಂಪ್ ಒತ್ತುವ ಮೊದಲು. ಒರೆಸಿದ ಮೇಲೆ ಬೆರಳಿಟ್ಟರೆ ಅದರ ಜಿಡ್ಡಿಗೇ ಪುಡಿ ಅಂಟಿ, ಸ್ಟ್ಯಾಂಪಿನ ಹೂವಿನ ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತೂ ಉಬ್ಬಿ ನಿಲ್ಲುತ್ತದೆ. ಅಂಚು ಮಾತ್ರ ಹಿಡಿಯಿರಿ. ಚೀಲ ಜಾಸ್ತಿ ತಟ್ಟಿದರೆ ಕಾರ್ಡೆಲ್ಲ ಬೂದಿ ಬಳಿದ ಹಾಗೆ; ಆ ಮಸುಕನ್ನು, ಎಂಬಾಸಿಂಗ್ ಪುಡಿ ಬಿಸಿಗೆ ಕರಗಿ ಆರಿದ ಮೇಲೆ, ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಕೊಡವುವಾಗ ಕಾರ್ಡಿನ ಬೆನ್ನಿಗೆ ಬೆರಳಿನಿಂದ ಜೋರಾಗಿ ಚಿಮ್ಮಿ. ಉಳಿದ ಕಣಗಳನ್ನು ಬಿಸಿಗೆ ಮೊದಲೇ, ಪೂರ್ತಿ ಒಣಗಿದ ಸಣ್ಣ ಬ್ರಷ್‌ನಿಂದ, ಗೆರೆಗೆ ತಾಗದ ಹಾಗೆ ತೆಗೆಯಿರಿ.

ಹೇರ್ ಡ್ರೈಯರ್ ಸಾಕು ಅನ್ನುವವರಂತೂ ಬೇರೆಯೇ ಜಾತಿ. ಅದರಲ್ಲಿ ಗಾಳಿ ಜಾಸ್ತಿ, ಕಾವು ಕಮ್ಮಿ. ಪುಡಿ ಕರಗುವ ಮೊದಲೇ ಹಾರಿಹೋಗುತ್ತದೆ. ಹೀಟ್ ಗನ್ನನ್ನೇ ಬೇರೆಡೆ ತಿರುಗಿಸಿ ಸುಮಾರು 10 ಸೆಕೆಂಡ್ ಕಾಯಿಸಿ, ಆಮೇಲೆ 4–5 ಸೆಂ.ಮೀ. ದೂರದಿಂದ ಹಿಡಿಯಿರಿ. ಹೊಳಪು ಬಂದ ಕೂಡಲೇ ಮುಂದಿನ ಜಾಗಕ್ಕೆ ಸರಿಸಿ. ಒಂದೇ ಕಡೆ ನಿಂತರೆ ಪುಡಿ ಕಾಗದಕ್ಕೆ ಇಂಗಿ ಉಬ್ಬೆಲ್ಲ ಮಾಯ, ಉಳಿಯುವುದು ಎಣ್ಣೆ ಕಲೆ.