ಪಾಲು ಬೇಡ, ಅಜ್ಜನ ವಿಳಾಸ ಸಾಕು

"ನಮ್ಮ ಮುತ್ತಜ್ಜನಿಗೆ ಅಣ್ಣತಮ್ಮಂದಿರು ಎಷ್ಟು ಜನ?" ಎಂದು ಮಲೆನಾಡಿನ ಯಾವ ಮನೆಯ ಜಗಲಿಯಲ್ಲಾದರೂ ಕೇಳಿ ನೋಡಿ. ದೊಡ್ಡಪ್ಪ ಕವಳ ಜಗಿಯುವುದನ್ನು ನಿಲ್ಲಿಸುತ್ತಾರೆ. "ಎಂತಕ್ಕೆ ಮಾರಾಯ ಈಗ ಅದೆಲ್ಲ? ತೋಟ ಪಾಲಾಗಿ ಎಷ್ಟು ವರ್ಷ ಆತು!" ಬ್ರಿಟಿಷರ ಕಾಲದಲ್ಲಿ ಹೊರದೇಶಕ್ಕೆ ಕೂಲಿಗೆಂದು ಹಡಗು ಹತ್ತಿ ಹೋದವನನ್ನು ಹುಡುಕುತ್ತಿದ್ದೇನೆ ಎಂದರಂತೂ ಅನುಮಾನ ಗಟ್ಟಿಯಾಯಿತು ಅಂತಲೇ ಲೆಕ್ಕ. ಹೋದವನ ಪಾಲು ಯಾರ ಹೆಸರಿಗೆ ಬಿತ್ತು ಎಂಬುದು ಹಳೇ ಪಹಣಿಗೂ ಗೊತ್ತು, ದೊಡ್ಡಪ್ಪನಿಗೂ ಗೊತ್ತು. ಆದ್ದರಿಂದ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಟ್ಟು ಹುಡುಕಾಟ ಶುರುಮಾಡಬೇಡಿ. ಮಹಜರಿಗೆ ಜನ ಬಂದ ದಿನ ಸಂಜೆಯೊಳಗೆ ಇಡೀ ಸೀಮೆಯ ದಾಯಾದಿಗಳು ವಕೀಲರನ್ನು ಕಂಡಾಗಿರುತ್ತದೆ.

ಅಜ್ಜಿಯರನ್ನು ಕೇಳಿ. ಅದೂ ಅಡಿಕೆ ಸುಲಿಯುವ ರಾತ್ರಿ. ಕೈಗೆ ಮೆಟ್ಟುಗತ್ತಿಯ ಕೆಲಸವಿದ್ದಾಗ ಬಾಯಿಗೆ ಬಿಡುವು. ಒಂದೇ ತೊಂದರೆ, ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಮಂಜಯ್ಯನ ಮಗ ಸುಬ್ಬಯ್ಯ, ಸುಬ್ಬಯ್ಯನ ಮಗ ಮಂಜಯ್ಯ, ಅವನ ಮಗ ಮತ್ತೆ ಸುಬ್ಬಯ್ಯ. ಅಜ್ಜಿ ಒಂದೇ ಉಸಿರಿಗೆ ಹೇಳಿದ ಕಥೆಯಲ್ಲಿ ಇಬ್ಬರು ಸುಬ್ಬಯ್ಯರು ಸೇರಿ ಒಬ್ಬನೇ ಆಗಿ, ನೂರ ಮೂವತ್ತು ವರ್ಷ ಬದುಕಿಬಿಡುತ್ತಾನೆ. ಹೆಂಡತಿಯ ಹೆಸರು, ಅವಳ ತವರೂರು ಎರಡನ್ನೂ ಕೇಳಿ ಬರೆದುಕೊಂಡರೆ ಮಾತ್ರ ಸುಬ್ಬಯ್ಯರು ಬೇರೆಬೇರೆಯಾಗುತ್ತಾರೆ.

ಅಟ್ಟದ ಟ್ರಂಕಿನಲ್ಲಿ ಗೆದ್ದಲು ಬಿಟ್ಟುಕೊಟ್ಟ ಜಾತಕ ಸಿಕ್ಕರೆ ಪುಣ್ಯ. ಆದರೆ ಅದರಲ್ಲಿ ಸಂವತ್ಸರದ ಹೆಸರಷ್ಟೇ ಇದ್ದರೆ, ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಶ್ರೀಮುಖ ಎಂದರೆ 1873-74 ಆಗಬಹುದು, 1933-34 ಕೂಡ ಆಗಬಹುದು. ಪಕ್ಕದಲ್ಲೇ ಶಾಲಿವಾಹನ ಶಕೆಯ ಅಂಕಿ ಇದ್ದರೆ 78 ಕೂಡಿಸಿ, ಗೊಂದಲ ಮುಗಿಯಿತು.

ಇನ್ನು ಮನೆಯ ದಂತಕಥೆ. "1890ರಲ್ಲಿ ಶಿವಮೊಗ್ಗದಲ್ಲಿ ರೈಲು ಹತ್ತಿದವ ತಿರುಗಿ ಬರಲಿಲ್ಲ" ಎನ್ನುವವರಿದ್ದಾರೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದೇ 1899ರಲ್ಲಿ. ಪುಣ್ಯಾತ್ಮ ನಿಲ್ದಾಣದಲ್ಲಿ ಒಂಬತ್ತು ವರ್ಷ ಕಾದಿರಬೇಕು. ಘಟ್ಟ ಇಳಿದು ಕುಂದಾಪುರದ ಕಡೆ ಹಡಗು ಹತ್ತಿದನಂತೆ ಎಂಬ ಕಥೆಯಾದರೆ ಆಫ್ರಿಕಾ ಬಿಟ್ಟು ಮೊದಲು ಬೊಂಬಾಯಿಯ ಹೋಟೆಲುಗಳನ್ನು ನೆನೆಸಿಕೊಳ್ಳಿ. ದಕ್ಷಿಣ ಆಫ್ರಿಕಾದ ನೇಟಾಲಿಗೆ ಕರಾರು ಕೂಲಿಗಳನ್ನು (ಇಂತಿಷ್ಟು ವರ್ಷ ದುಡಿಯುತ್ತೇವೆಂದು ಒಪ್ಪಿ ಹೋದವರನ್ನು) ಒಯ್ದ ಹಡಗುಗಳು ಹೊರಡುತ್ತಿದ್ದುದು ಮದರಾಸು ಮತ್ತು ಕಲ್ಕತ್ತದಿಂದ.

ಆ ಹಡಗುಗಳ ಪಟ್ಟಿಯಲ್ಲೇ ನಿಜವಾದ ಮಜಾ ಇರುವುದು. 1860ರಿಂದ 1911ರವರೆಗೆ ನೇಟಾಲಿಗೆ ಹೋದವರು ಒಂದೂವರೆ ಲಕ್ಷಕ್ಕೂ ಹೆಚ್ಚು; ಒಬ್ಬೊಬ್ಬರಿಗೂ ಒಂದು ನಂಬರು, ಅದರ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಮೈಮೇಲಿನ ಗುರುತು. ಫಿಜಿಗೆ ಹೋದವರ ವಲಸೆ ಪಾಸಿನಲ್ಲಿ ಎತ್ತರವೂ ಉಂಟು. ಬರೆದವನಿಗೆ ಕನ್ನಡದ ಗಂಧವಿಲ್ಲ, ಹೇಳಿದವನಿಗೆ ಇಂಗ್ಲಿಷಿನದಿಲ್ಲ. ಆದ್ದರಿಂದ ಸುಬ್ಬಯ್ಯನನ್ನು 'ಸೂಬಿಯಾ' ಎಂದೂ ತೀರ್ಥಹಳ್ಳಿಯನ್ನು 'ಟೀರ್ಟಾಹುಲ್ಲಿ' ಎಂದೂ ಹುಡುಕಲು ಸಿದ್ಧರಿರಿ. ಜಿಲ್ಲೆಯ ಕಾಲಂನಲ್ಲಿ ಬರೀ 'ಮೈಸೂರು' ಎಂದಿದ್ದರೂ ಬಿಡಬೇಡಿ, ಅದು ಇಡೀ ಸಂಸ್ಥಾನ. ಜಾತಿಯ ಕಾಲಂ ನೋಡಿ ಮಾತ್ರ ಎದೆ ಒಡೆದುಕೊಳ್ಳಬೇಡಿ: ಗುಮಾಸ್ತರು ಎಷ್ಟೋ ಜನರನ್ನು 'ಮಲಬಾರ್' (ಹೆಚ್ಚಾಗಿ ತಮಿಳರು), 'ಜೆಂಟೂ' (ತೆಲುಗರು) ಎಂದು ಎರಡೇ ಬುಟ್ಟಿಗೆ ಹಾಕಿದ್ದಾರೆ. ಮೇಲಾಗಿ, ಹೊಲದ ಕೆಲಸಕ್ಕೆ ಒಗ್ಗುವುದಿಲ್ಲವೆಂದು ಬ್ರಾಹ್ಮಣರನ್ನು ಸೇರಿಸಿಕೊಳ್ಳಲು ಏಜೆಂಟರು ಹಿಂದೆಮುಂದೆ ನೋಡುತ್ತಿದ್ದರು. ಅದಕ್ಕೇ ಬೇರೆ ಜಾತಿ ಬರೆಸಿ ಹಡಗು ಹತ್ತಿದವರುಂಟು. ಮಡಿ ಅಜ್ಜಿಗೆ ಈ ಭಾಗ ಓದಿ ಹೇಳುವ ಅಗತ್ಯವಿಲ್ಲ.

ಎಲ್ಲಕ್ಕಿಂತ ಮುಖ್ಯ ಆ ನಂಬರು. ಮಾರಿಷಸ್ಸಿನ ದಾಖಲೆಗಳು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ, ಕೆಲವರ ಫೋಟೋ ಸಮೇತ. ಅಲ್ಲಿಗೂ ನಂಬರು ಹಿಡಿದು ಹೋದರೆ ಕೆಲಸ ಹಗುರ. ಅಲ್ಲಿ ಹುಟ್ಟಿದ ಮಕ್ಕಳ ಜನನ, ವಿವಾಹ ಪತ್ರಗಳಲ್ಲಿ ಅದು ಸಿಗಬಹುದು. ಹೋದವನ ಹೆಸರೇ ಮುಂದಿನವರಿಗೆ ಮನೆತನದ ಹೆಸರಾಗಿರುವುದುಂಟು. ಡರ್ಬನ್ನಿನ ಯಾರೋ ತಮ್ಮ ಹೆಸರಿನ ಬಾಲಕ್ಕೆ 'ಸೂಬಿಯಾ' ಎಂದು ಬರೆದುಕೊಂಡಿದ್ದರೆ ಒಂದು ಪತ್ರ ಹಾಕಿ ನೋಡಿ.

ಸಿಕ್ಕ ಮೇಲೂ ಒಂದು ತಕರಾರು ಬಾಕಿ ಇರುತ್ತದೆ. ಹನ್ನೆರಡು ವರ್ಷ ಸುದ್ದಿಯಿಲ್ಲದವನಿಗೆ ದರ್ಭೆಯ ಬೊಂಬೆ ಮಾಡಿ ಸಂಸ್ಕಾರ ಮುಗಿಸುವುದು ವೈದಿಕ ಮನೆಗಳ ರೂಢಿ. ಹೀಗಾಗಿ ಮನೆಯಲ್ಲಿ ನಡೆದು ಬಂದ ಶ್ರಾದ್ಧದ ತಿಥಿಗೂ ಆತ ಸತ್ತ ದಿನಕ್ಕೂ ಸಂಬಂಧವೇ ಇರಬೇಕೆಂದಿಲ್ಲ. ಇಲ್ಲಿ ಪಿಂಡ ಇಟ್ಟ ಹೊತ್ತಿಗೆ ಅಲ್ಲಿ ಅವನು ಕಬ್ಬಿನ ಗದ್ದೆಯಲ್ಲಿ ಗಟ್ಟಿಮುಟ್ಟಾಗಿ ಇದ್ದಿರಬಹುದು. ತಿಥಿ ಹಿಡಿದು ಮರಣದ ವರ್ಷ ಲೆಕ್ಕ ಹಾಕುವವರು ಇಲ್ಲೇ ಜಾರಿಬೀಳುವುದು. ಅಲ್ಲಿಂದ ಮರಣದ ದಾಖಲೆ ಬಂದ ಮೇಲೆ ಇನ್ನು ಯಾವ ತಿಥಿ ಎಂದು ಪುರೋಹಿತರನ್ನು ಕೇಳಿದರೆ ಪಂಚಾಂಗ ತೆಗೆಯುತ್ತಾರೆ. ಅಜ್ಜಿಯನ್ನು ಕೇಳಿದರೆ, "ನಡೆದು ಬಂದದ್ದನ್ನ ತಪ್ಪಿಸೂದು ಬೇಡ, ಅದನ್ನೂ ಮಾಡಿ" ಎನ್ನುತ್ತಾರೆ. ವರ್ಷಕ್ಕೆ ಎರಡು ಸಲ ವಡೆ ಪಾಯಸ ಎಂದು ಕೇಳಿದ ಮೇಲೆ ದೊಡ್ಡಪ್ಪನೂ ಸಂಶೋಧನೆಗೆ ಬೆಂಬಲ ಸೂಚಿಸಿದರೆ ಆಶ್ಚರ್ಯವಿಲ್ಲ.